ಮೊದಲ ಗಂಟು

ಎಳೆಯ ಗೀಜಗ ಜಾಲಿಯ ಕೊಂಬೆಗೆ ಬಿಗಿದ ಮೊದಲ ಗಂಟೇ ಸಡಿಲವಾಗಿದ್ದುದನ್ನು ಬಳಗದ ಹಿರಿಯ ಗೀಜಗ ಅಂದೇ ಕಂಡಿತು. ಹೆಣ್ಣು ಬಂದು ಗೂಡು ನೋಡುವ ದಿನ ಹೇಳಿದರಾಯಿತೆಂದು ಸುಮ್ಮನಾಯಿತು. ಎಳೆಯದು ಹಾಡಿಕೊಂಡೇ ಗೂಡು ನೇಯ್ದು ಮುಗಿಸಿತು.

ಆ ದಿನ ಹೆಣ್ಣು ಗೀಜಗ ಬಂದು, ಒಪ್ಪಿ, ಇನ್ನೇನು ಒಳಗೆ ಹೋಗಬೇಕು, ಹಿರಿಯ ಗೀಜಗ ಎಲ್ಲರೆದುರು ಗಂಟಲು ಸರಿಮಾಡಿಕೊಂಡಿತು: "ಕೊಂಬೆಗೆ ಬಿಗಿದ ಮೊದಲ ಗಂಟೇ ಸಡಿಲ. ಮೊಟ್ಟೆಯಿಟ್ಟರೆ ಗೂಡು ಬೀಳುತ್ತದೆ. ನಾನು ಮೊದಲ ದಿನವೇ ನೋಡಿದ್ದೆ."

ಹೆಣ್ಣು ಹಾರಿಹೋಯಿತು.

"ಅಜ್ಜಾ, ದಿನವೂ ಪಕ್ಕದಲ್ಲೇ ಕೂತಿರುತ್ತಿದ್ದಿರಲ್ಲ! ಅವತ್ತೇ ಅಂದಿದ್ದರೆ ಒಂದು ಗಂಟು ಬಿಚ್ಚಿ ಕಟ್ಟುತ್ತಿದ್ದೆ."

"ಯಾವುದಕ್ಕೂ ಒಂದು ಕ್ರಮ ಇರುತ್ತದೆ, ಮಗಾ. ಈಗ ಹೇಳಿದೆನಲ್ಲ, ಹೊಸದು ಕಟ್ಟು."

ಎಳೆಯದು ಹುಲ್ಲಿಗೆ ಹೊರಟಿತು. ಮಳೆಗಾಲ ಮುಗಿದು ಹೊಲದ ಹುಲ್ಲೆಲ್ಲ ಒಣಗಿತ್ತು. ನೇಯಲು ಬೇಕಾದ ಹಸಿ ಎಳೆಯೊಂದೂ ಸಿಗದೆ, ಸಂಜೆಗೆ ಅದು ಬರಿಗೊಕ್ಕಿನಲ್ಲಿ ಮರಳಿತು.