ಬಾಳೆನಾರು ಅಂಟನ್ನು ಬೀಳ್ಕೊಟ್ಟದ್ದು

ಪ್ರಯೋಗಶಾಲೆಯ ಪಾತ್ರೆಯೊಂದರಲ್ಲಿ ಬಾಳೆನಾರು ನಿಂಬೆಹುಳಿಯ ದ್ರಾವಣದಲ್ಲಿ ಬೇಯುತ್ತಿತ್ತು. ಲಿಗ್ನಿನ್ ಎಂಬ ಅಂಟು ಮೈಬಿಟ್ಟರೆ ಅದು ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಸೆಲ್ಯುಲೋಸ್ ಎಳೆಗಳಾಗಿ ಬಿಡಿಸಿಕೊಳ್ಳಬಹುದಿತ್ತು. ಸಂಜೆಯೊಳಗೆ ಅಂಟು ಬಿಡದಿದ್ದರೆ ನಾರನ್ನು ಗಂಧಕಾಮ್ಲಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಗಂಧಕಾಮ್ಲ ಅಂಟಿನ ಜೊತೆಗೆ ನಾರನ್ನೂ ತುಂಡು ತುಂಡು ಮಾಡುತ್ತದೆ.

“ನಾನು ಯಾರನ್ನೂ ಎಳೆದು ಹೊರಹಾಕುವವನಲ್ಲ,” ಎಂದಿತು ದ್ರಾವಣ. “ಅಂಟಿನವರೇ, ದಯವಿಟ್ಟು ಏಳಿ.”

ನಾಲ್ಕು ತಾಸು ಕಾಯಿಸಿದ ಮೇಲೆ ಅಂಟು ಎದ್ದಿತು. “ಸರಿ ತಂಗಿ, ಬರುತ್ತೇನೆ.”

“ಇಷ್ಟು ಬೇಗನೆ?” ಎಂದಿತು ನಾರು. “ಆವತ್ತಿನ ಗಾಳಿಗೆ ನೀನು ಹಿಡಿದುಕೊಂಡಿರದಿದ್ದರೆ ನಾನು ಬಿದ್ದೇಹೋಗುತ್ತಿದ್ದೆ, ಅಣ್ಣ.”

“ಯಾವ ಗಾಳಿ? ಗೊನೆ ಬಿಟ್ಟಾಗಿನದೋ?”

“ಅದಕ್ಕೂ ಮೊದಲಿನದು.”

“ಬಿಸಿ ಇರುವಾಗಲೇ ಕಳಿಸಮ್ಮ,” ಎಂದಿತು ದ್ರಾವಣ. “ತಣ್ಣಗಾದರೆ ಇವರನ್ನು ಹೊತ್ತುಕೊಂಡಿರಲು ನನಗಾಗದು.”

“ನಿಮ್ಮ ಕಡೆ ಹೇಗೋ ಗೊತ್ತಿಲ್ಲ. ಎದ್ದವರನ್ನು ಹಾಗೆ ತಟ್ಟನೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ,” ಎಂದ ನಾರು ಗಾಳಿಯ ಕಥೆ, ಗೊನೆಯ ಕಥೆ, ಕೊನೆಗೆ ಬಾಳೆಯನ್ನು ಕಡಿದ ಕತ್ತಿಯ ಕಥೆಯನ್ನೂ ಹೇಳಿತು. ಅಂಟು ಪಾತ್ರೆಯ ಬಾಯಲ್ಲಿ ನಿಂತೇ ಎಲ್ಲವನ್ನೂ ಕೇಳಿತು. ಅಷ್ಟರಲ್ಲಿ ಒಲೆ ಆರಿ ಪಾತ್ರೆ ತಣ್ಣಗಾಯಿತು. ಅಂಟು ನಡುಗುತ್ತ ಹಿಂದಿರುಗಿ, ನಾರಿನ ಮೈತುಂಬ ಮೊದಲಿನಂತೆಯೇ ಕೂತಿತು.

ಗಡಿಯಾರ ಆರು ಹೊಡೆಯಿತು. ಪಕ್ಕದ ಮೇಜಿನ ಮೇಲೆ ಯಾರೋ ಗಂಧಕಾಮ್ಲದ ಬಾಟಲಿಯ ಮುಚ್ಚಳ ತಿರುಗಿಸಿದರು.

“ನಿನಗೆ ತೊಂದರೆಯಾಯಿತೇನೋ, ತಂಗಿ,” ಎಂದಿತು ಅಂಟು.

“ಛೆ ಛೆ, ಎಂಥ ಮಾತು!” ಎಂದಿತು ನಾರು. “ಆರಾಮಾಗಿ ಕೂತುಕೊ.”