ಇದರಷ್ಟು

"ಗೊತ್ತಿರುವ ಸಂಖ್ಯೆಯನ್ನು ಗೊತ್ತಿಲ್ಲದ ಹಾಗೆ ಯಾಕೆ ಬರೆಯಬೇಕು, ಸರ್?" ಎಂದು ನೀಲಗಂಗಾ ಕೇಳಿದಳು.

ಕೇಳುವಾಗ ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಹಳೆಯ ಹೆಂಗಸರ ಬೀಸುವ ಹಾಡುಗಳನ್ನು ಓದಿ ಅರ್ಥ ಬಿಡಿಸುವ ಒಂದು ನ್ಯೂರಲ್ ನೆಟ್‌ವರ್ಕ್ ಮಾದರಿಯನ್ನು ಎರಡು ವರ್ಷದಿಂದ ಕಟ್ಟುತ್ತಿದ್ದಳು. ಮರುದಿನ ಅದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ಅಂಥ ಮಾದರಿಯಲ್ಲಿ ಅಂಕಿಗಳು ಟೆನ್ಸರ್ ಎಂಬ ಚೌಕಟ್ಟುಗಳಲ್ಲಿ ಕೂತು ಪದರದಿಂದ ಪದರಕ್ಕೆ ಸಾಗುತ್ತವೆ. ಒಂದು ಪದರ ಕೊಡುವ ಚೌಕಟ್ಟಿನ ಅಳತೆ ಮುಂದಿನ ಪದರಕ್ಕೆ ಕೂಡಬೇಕು. ಅವಳ ಬಳಿ ಇದ್ದ ಯಾವ ಹಾಡೂ ಅರವತ್ತನಾಲ್ಕು ಪದ ದಾಟಿರಲಿಲ್ಲ. ಹಾಗಾಗಿ ಹತ್ತೊಂಬತ್ತು ಕಡೆ ಅರವತ್ತನಾಲ್ಕು ಎಂದೇ ಬರೆದು ಕೂಡಿಸಿದ್ದಳು.

ಗುರುಗಳು ಹತ್ತೊಂಬತ್ತನ್ನೂ ಹೊಡೆದುಹಾಕಿದ್ದರು. ಹಾಡಿನ ಉದ್ದಕ್ಕೆ 'ಉ' ಎಂದು ಬರೆ, ಪದರವೊಂದು ಅದನ್ನು ಅರ್ಧ ಮಾಡಿದರೆ 'ಉ'ವಿನ ಅರ್ಧ ಎಂದು ಬರೆ, ಕೊನೆಯ ಪದರದವರೆಗೂ ಕಾಗದದ ಮೇಲೆ ಹಾಗೇ ಲೆಕ್ಕ ಮಾಡಿಕೊಂಡು ಬಾ ಎಂದಿದ್ದರು.

ಗುರುಗಳ ಹೆಸರು ಚನ್ನಮಲ್ಲಪ್ಪ ಕಂದಗಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಸಿಟ್ಟು ಬಂದರೆ ಬಯ್ಯುವವರಲ್ಲ, ಕನ್ನಡಕ ತೆಗೆದು ಒರೆಸುವವರು. ಈಗಲೂ ಒರೆಸಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಲ್ಲಿ ಆತುರಗಾರ್ತಿಯೂ ಸೇರಿದ್ದಾಳೆ ಎಂದು ಚುಚ್ಚಿದರು. ಆಮೇಲೆ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಆ ಊರಿನ ಸೀರೆಯ ರೀತಿಯೇ ಬೇರೆ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ನೂಲು. ಎರಡನ್ನೂ ಬೇರೆ ಬೇರೆ ಸಿದ್ಧಮಾಡುತ್ತಿದ್ದರು. ನೇಯುವ ಮೊದಲು ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಒಂದೇ ಒಂದು ಎಳೆ ಹೆಚ್ಚುಕಡಿಮೆ ಆಗುವ ಹಾಗಿಲ್ಲ. ಒಡಲಿನ ಹಾಸು ನೇಕಾರನ ಹೆಂಡತಿಯ ಕೆಲಸ. ಸೆರಗಿನ ಹಾಸು ಅವನ ತಂಗಿಯದು. ಅವಳನ್ನು ಎರಡು ಹರದಾರಿ ಆಚೆಯ ಊರಿಗೆ ಕೊಟ್ಟಿದ್ದರು.

ಈ ಎರಡು ಮನೆಗಳ ನಡುವೆ ನೇಕಾರನ ತಾಯಿಯ ಒಂದು ದಾರ ಓಡಾಡುತ್ತಿತ್ತು. ಸೊಸೆ ನೂರು ಎಳೆ ಹಾಕಿದ ಕೂಡಲೇ ಮುದುಕಿ ದಾರಕ್ಕೆ ಒಂದು ಗಂಟು ಹಾಕುವಳು. ಒಡಲು ಮುಗಿದ ಮೇಲೆ ದಾರ ಮಗಳ ಊರಿಗೆ ಹೋಗುವುದು. ಮಗಳು ಗಂಟು ಮುಟ್ಟಿ ಮುಟ್ಟಿ ಸೆರಗು ಹಾಸುವಳು. ಮಗ್ಗದ ಹಣಿಗೆಯ ಒಂದೊಂದು ಸಂದಿನಲ್ಲಿ ಎರಡೆರಡು ಎಳೆ ಕೂರುತ್ತವಲ್ಲ, ಹಣಿಗೆ ಕಟ್ಟುವವನು ಬಂದರೆ ಮುದುಕಿ ಅದೇ ದಾರವನ್ನು ಎರಡಾಗಿ ಮಡಿಸಿ ತೋರಿಸುವಳು. ಸೀರೆ ಇಳಿದ ಮೇಲೆ ಗಂಟುಗಳನ್ನೆಲ್ಲ ಬಿಚ್ಚಿ, ಮುಂದಿನ ಸೀರೆಗೆ ಮತ್ತೆ ಅದೇ ದಾರ. ಗಂಟು ಎಷ್ಟು ಎಂದು ಯಾರಾದರೂ ಕೇಳಿದರೆ ಮುದುಕಿ ಬಾಯಿ ಬಿಡುತ್ತಿರಲಿಲ್ಲ.

"ಎಷ್ಟು ಅಂತ ಕೇಳಬ್ಯಾಡ. ಇದರಷ್ಟು ಅನ್ನು," ಎನ್ನುವಳು.

ಇಲ್ಲಿ ಗುರುಗಳು ಕತೆ ಬಿಟ್ಟು ಆ ನೇಕಾರರ ಓಣಿಯ ಮಾತು ತೆಗೆದರು. ಆಗ ಆ ಓಣಿಯಲ್ಲಿ ಬೆಳಗಾಯಿತೆಂದು ಕೋಳಿ ಕೂಗುವುದಕ್ಕಿಂತ ಮೊದಲು ಮಗ್ಗ ಕೂಗುತ್ತಿತ್ತು ಎಂದರು. ಮೂವತ್ತೆರಡು ಮನೆ, ಮೂವತ್ತೆರಡು ಮಗ್ಗ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ಅಲ್ಲಿಯವರ ದನಿಯೇ ದೊಡ್ಡದು, ಪರವೂರಿಗೆ ಹೋದರೆ ಜಗಳಕ್ಕೆ ಬಂದವರೇನೋ ಅಂದುಕೊಳ್ಳುತ್ತಿದ್ದರು. ಈಗ ಆ ಓಣಿಗೆ ಹೋದರೆ ಎಲ್ಲ ಮೆಲ್ಲಗೆ ಮಾತಾಡುತ್ತಾರೆ, ನನಗೆ ಅದನ್ನು ಕೇಳಲಾಗುವುದಿಲ್ಲ ಎಂದರು. ಕತೆಯ ಊರಿಗೆ ಗುರುಗಳು ಯಾವಾಗ ಹೋಗಿದ್ದರೋ ಎಂದು ನೀಲಗಂಗಾಗೆ ಅನಿಸಿತು. 

ಮುದುಕಿ ತೀರಿಕೊಂಡಳು. ನೇಕಾರ ಲೆಕ್ಕದಲ್ಲಿ ಚುರುಕು. ಅವನೊಮ್ಮೆ ಮಾರಿದ ಸೀರೆಗಳ ಲೆಕ್ಕ ತೆಗೆದು ಕೂತು ಎಣಿಸಿದ. ಹನ್ನೊಂದು ವರ್ಷದಲ್ಲಿ ಇಳಿದ ಒಂದೊಂದು ಸೀರೆಗೂ ಇಪ್ಪತ್ತೆಂಟೇ ಗಂಟು. ಪೇಟೆಯವರು ಕೇಳುವ ಪನ್ನವೇ, ಅಂದರೆ ಸೀರೆಯ ಅಗಲವೇ ಅಷ್ಟು. ಮತ್ತೆ ಈ ದಾರ ಹೊತ್ತು ಎರಡು ಹರದಾರಿ ನಡೆಯುವುದು ಯಾವ ಸುಖಕ್ಕೆ ಎಂದುಕೊಂಡ. ತನ್ನ ಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಇಪ್ಪತ್ತೆಂಟು ಎಂದು ಬರೆದ. ತಂಗಿಯ ಮನೆಗೆ ಹೋಗಿ ಅಲ್ಲಿನ ಗೋಡೆಗೂ ಬರೆದು ಬಂದ. ತಾಯಿಯ ದಾರದಿಂದ ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿದ.

ಕೆಲಸ ಬೇಗ ಬೇಗ ಸಾಗಿತು, ಸುಳ್ಳೇಕೆ ಹೇಳಲಿ ಎಂದರು ಗುರುಗಳು. ಮೂರು ವರ್ಷ ಒಂದು ಸೀರೆಯೂ ಕೆಡಲಿಲ್ಲ. ಓಣಿಯವರೆಲ್ಲ ಅವನನ್ನು ಜಾಣ ಅಂದರು. ಎಂಟು ಮನೆಯವರು ತಮ್ಮ ಗೋಡೆಗೂ ಬರೆದುಕೊಂಡರು.

ಆ ನೇಕಾರನಿಗೆ ಒಬ್ಬ ಮಗಳು. ಎತ್ತರದ ಹುಡುಗಿ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಇವಳು ತಾಯಿಯನ್ನು ಬಿಟ್ಟು ಅಜ್ಜಿಯನ್ನು ಹೋತಿದ್ದಳು. ಅಪ್ಪ ನೇಯುವ ಯಾವ ಸೀರೆ ಉಟ್ಟರೂ ಕಣಕಾಲಿನ ಮೇಲೆ ನಿಲ್ಲುವುದು. ನೇಕಾರನ ಮಗಳಿಗೆ ಮೈತುಂಬ ಸೀರೆಯಿಲ್ಲ ನೋಡ್ರೇ ಎಂದು ನೀರಿಗೆ ಹೋದಲ್ಲಿ ನಗುತ್ತಿದ್ದರು. ಅವಳೂ ನಕ್ಕುಬಿಡುವಳು. ಮನೆಗೆ ಬಂದು ಕೊಡ ಇಳಿಸಿ, ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂರುವಳು. ಅಪ್ಪ ಅದನ್ನು ನೋಡಿದ್ದ. ನಿನ್ನ ಮದುವೆಗೆ ನಿನ್ನಷ್ಟು ಸೀರೆ ನೇಯುತ್ತೇನೆ, ಅದು ನೆಲ ಮುಟ್ಟದಿದ್ದರೆ ಕೇಳು ಎಂದು ಅವಳ ತಲೆ ಮುಟ್ಟಿ ಹೇಳಿದ್ದ.

ಮದುವೆ ಗೊತ್ತಾಯಿತು. ತಾಯಿ ಮಗಳನ್ನು ನಿಲ್ಲಿಸಿ ಅಳೆದು, ಆ ಎತ್ತರಕ್ಕೆ ಬೇಕಾದ ಅಗಲ ಲೆಕ್ಕಹಾಕಿ ಮೂವತ್ತೆರಡು ನೂರು ಎಳೆಯ ಒಡಲು ಹಾಸಿದಳು. ನೇಕಾರ ತಂಗಿಗೆ ಒಳ್ಳೆಯ ರೇಷ್ಮೆ ಕಳಿಸಿದ. ಮದುವೆಯ ಸೀರೆ, ಸೆರಗು ಚೆನ್ನಾಗಿ ಹಾಸು ಎಂದು ಹೇಳಿಕಳಿಸಿದ. ಅಷ್ಟೇ ಹೇಳಿದ. ಉಳಿದದ್ದು ಗೋಡೆಯ ಮೇಲೆ ಇತ್ತಲ್ಲ.

ತಂಗಿ ಹಾಸು ಹೊತ್ತು ತಂದ ದಿನ ಎಲ್ಲರೂ ಕೊಂಡಿ ಹಾಕಲು ಕೂತರು. ಮಧ್ಯಾಹ್ನದ ಹೊತ್ತಿಗೆ ಸೆರಗಿನ ಎಳೆ ಮುಗಿದವು. ಒಡಲಿನಲ್ಲಿ ಇನ್ನೂ ನಾನೂರು ಎಳೆ ಜೊತೆಯಿಲ್ಲದೆ ಜೋತಾಡುತ್ತಿದ್ದವು. ನೇಕಾರ ಎರಡು ಸಲ ಎಣಿಸಿದ. ಹೆಂಡತಿಯ ಲೆಕ್ಕ ಸರಿಯಿತ್ತು. ತಂಗಿಯ ಲೆಕ್ಕವೂ ಸರಿಯಿತ್ತು. ಅವನು ತಂಗಿಯ ಕಡೆಗೆ ತಿರುಗಿದ.

"ಇಪ್ಪತ್ತೆಂಟೇ ಯಾಕೆ ಹಾಸಿದಿ?" ಎಂದ.

"ನೀನು ಬರೆದ ಗೋಡೆ ನೋಡಿ ಹಾಸಿದೆ, ಅಣ್ಣಾ. ಅವ್ವನ ದಾರ ಕಳಿಸಿದ್ದರೆ ಹುಡುಗಿಯಷ್ಟು ಹಾಸುತ್ತಿದ್ದೆ," ಎಂದಳು ತಂಗಿ.

ಮದುವೆಗೆ ಒಂಬತ್ತು ದಿನವಿತ್ತು. ನೇಯಲು ಏಳು ದಿನ ಬೇಕು. ಆ ಕೆಂಪಿನ ರೇಷ್ಮೆ ಮುಗಿದಿತ್ತು, ಹೊಸದಾಗಿ ಬಣ್ಣ ಹಾಕಿಸಲು ಎಂಟು ದಿನ ಬೇಕು. ನೇಕಾರ ಎದ್ದು ಕತ್ತರಿ ತಂದ. ನಾನೂರು ಎಳೆಯನ್ನು ಕತ್ತರಿಸಿ ತೆಗೆದ. ಮಗಳು ಅಲ್ಲೇ ಕಂಬ ಹಿಡಿದು ನಿಂತಿದ್ದಳು. ಚೆನ್ನಾಗೇ ಐತಿ ಬಿಡಪ್ಪ ಎಂದಳು. ಅವಳು ಹಾಗೆ ಅಂದದ್ದೇ ಅವನಿಗೆ ಹೆಚ್ಚು ನೋವಾಯಿತು.

ಮದುವೆಯ ದಿನ ಸೀರೆ ನೆಲ ಮುಟ್ಟಿತು. ಅಪ್ಪ ನೋಡಿ ಬೆರಗಾದ. ಹತ್ತಿರ ನಿಂತವರಿಗಷ್ಟೇ ಗೊತ್ತಾಯಿತು, ಅಕ್ಷತೆ ಬೀಳುವ ತನಕ ಆ ಹುಡುಗಿ ಸೀರೆಯೊಳಗೆ ಮೊಣಕಾಲು ಬಗ್ಗಿಸಿಕೊಂಡೇ ನಿಂತಿದ್ದಳು. ಅಪ್ಪನ ಮಾತು ಸುಳ್ಳಾಗಬಾರದಲ್ಲ. ಬೀಗರನ್ನು ಕಳಿಸಿ ಬಂದ ನೇಕಾರ ಗೋಡೆಯ ಸುಣ್ಣ ಕೆರೆದುಹಾಕಿದ. ಭರಣಿಯಿಂದ ದಾರ ಬಿಚ್ಚಿದ. ಎಷ್ಟು ತೊಳೆದರೂ ಅದರ ಉಪ್ಪಿನಕಾಯಿ ವಾಸನೆ ಹೋಗಲಿಲ್ಲ. ಅವನು ಇರುವ ತನಕ ಆ ದಾರ ಮುಟ್ಟಿದಾಗಲೆಲ್ಲ ಕೈಯನ್ನು ಒಮ್ಮೆ ಮೂಸಿ ನೋಡುತ್ತಿದ್ದ.

ಕತೆ ಮುಗಿಯಿತು. ಗುರುಗಳು ಮತ್ತೆ ಕನ್ನಡಕ ಒರೆಸಿದರು. ಈ ಸಲ ಒರೆಸಿದ್ದು ಸಿಟ್ಟಿಗಲ್ಲ ಎಂದು ನೀಲಗಂಗಾಗೆ ಕಂಡಿತು. ಆದರೂ ಅವಳ ಮುಂದೆ ನಾಳೆ ಎಂಬುದು ಇತ್ತು. ಹತ್ತೊಂಬತ್ತು ಕಡೆ ತಿದ್ದಬೇಕು, ಎಲ್ಲವನ್ನೂ ಮೊದಲಿನಿಂದ ಕೂಡಿಸಬೇಕು. ಅವಳು ಮೆಲ್ಲಗೆ ಹೇಳಿದಳು, ತಾನು ಕಲೆಹಾಕಿದ್ದು ಎರಡು ಸಾವಿರ ಹಾಡು, ಒಂದಾದರೂ ಅರವತ್ತನಾಲ್ಕು ದಾಟಿಲ್ಲ, ದಾಟುವ ಹಾಡು ಇನ್ನೆಲ್ಲಿಂದ ಬರಬೇಕು ಎಂದು.

ಗುರುಗಳು ಅವಳ ಕಾಗದವನ್ನು ಅವಳ ಕಡೆಗೇ ಸರಿಸಿದರು.

"ನಿನ್ನ ಅರವತ್ತನಾಲ್ಕರಲ್ಲಿ ನಮ್ಮಕ್ಕ ಮೊಣಕಾಲು ಬಗ್ಗಿಸದೆ ನಿಲ್ಲುತ್ತಾಳೇನು, ತಂಗೀ?"

ನೀಲಗಂಗಾ ಪೆನ್ನು ತೆಗೆದು, ಹೊಡೆದುಹಾಕಿದ ಮೊದಲನೆಯ ಅರವತ್ತನಾಲ್ಕರ ಪಕ್ಕದಲ್ಲಿ 'ಉ' ಎಂದು ಬರೆದಳು.