ಬರುವ ವರ್ಷ ನೋಡೋಣ ಎಂದ ವೈದ್ಯ

"ಗುರುಗಳೇ, ವಿದ್ಯೆ ಬೇಡಿ ಬಂದವರು ಅದರಿಂದ ಕೇಡು ಮಾಡಿಯಾರು ಎಂಬ ಭಯವಿದ್ದರೆ, ಕಲಿಸದೆ ಕಳಿಸುವುದೇ ಕ್ಷೇಮವಲ್ಲವೇ?" ಎಂದು ಮರಿದೇವನೆಂಬ ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ಚಿತ್ತ ಕೆಟ್ಟವರಿಗೆ ಕೊಡುವ ಮದ್ದು ಆ ಸೀಮೆಗೆಲ್ಲ ಅವನೊಬ್ಬನಿಗೇ ಗೊತ್ತಿತ್ತು. ಅಲ್ಲಿಂದ ಮೂರು ದಿನದ ದಾರಿಯ ಹಳ್ಳಿಯಲ್ಲಿ ಒಬ್ಬ ಹೆಂಗಸಿದ್ದಳು. ಮನಸ್ಸು ಕದಡಿದವರು ಅವಳ ಬಳಿ ಬರುತ್ತಿದ್ದರು. ಅವಳು ಎದುರು ಕೂತು ಅವರ ಮಾತನ್ನೆಲ್ಲ ಕೇಳುತ್ತಿದ್ದಳು, ತಾನೂ ನಾಲ್ಕು ಮಾತು ಹೇಳುತ್ತಿದ್ದಳು. ಬಹಳ ಜನ ಹಗುರಾಗಿ ಮನೆಗೆ ಹೋಗುತ್ತಿದ್ದರು. ಕೆಲವರ ಕಾಯಿಲೆ ಮಾತಿಗೆ ಬಗ್ಗುತ್ತಿರಲಿಲ್ಲ. ಅಂಥವರಿಗೆ ಮದ್ದೇ ಬೇಕಿತ್ತು. ಮೂರು ದಿನ ನಡೆಯುವ ಶಕ್ತಿ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ.

ಅವಳು ವೈದ್ಯನ ಬಳಿಗೆ ಬಂದಳು. "ಸ್ವಾಮಿ, ಮದ್ದು ಕೊಡುವುದನ್ನು ನನಗೂ ಕಲಿಸಿ. ಎಷ್ಟು ವರ್ಷ ಹಿಡಿದರೂ ಸರಿ."

"ಅಳತೆ ತಪ್ಪಿದರೆ ಅದು ವಿಷ, ತಾಯಿ. ನಾಡಿ ನೋಡಲು ಬಾರದವರ ಕೈಗೆ ಕೊಡಲಾರೆ."

"ಹಾಗಾದರೆ ನಾಡಿ ನೋಡುವುದರಿಂದಲೇ ಶುರುಮಾಡಿ."

ಜಗಲಿಯ ತುಂಬ ರೋಗಿಗಳಿದ್ದರು. ಬರುವ ವರ್ಷ ನೋಡೋಣ ಎಂದ ವೈದ್ಯ. ಮರುವರ್ಷವೂ ಬಂದಳು. ಅವನು ಮತ್ತೆ ಅಪಾಯಗಳನ್ನು ಒಂದೊಂದಾಗಿ ವಿವರಿಸಿ ಕಳಿಸಿದ. ಹೀಗೆ ನಾಲ್ಕು ವರ್ಷ ನಡೆಯಿತು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಐದನೆಯ ವರ್ಷ ಅವಳು ಬರಲಿಲ್ಲ. ವೈದ್ಯನಿಗೆ ಮೊದಲು ನಿರಾಳವಾಯಿತು. ಆಮೇಲೆ ಮನಸ್ಸು ತಡೆಯದೆ ತಾನೇ ಆ ಹಳ್ಳಿಗೆ ಹೋದ.

ಊರ ಹಿರಿಯ ನಡೆದದ್ದನ್ನು ಹೇಳಿದ. ಕುಂಬಾರನೊಬ್ಬ ಎಂಟು ದಿನ ಕಣ್ಣು ಮುಚ್ಚಿರಲಿಲ್ಲ. ಬಾವಿಗೆ ಬೀಳಲು ಹೊರಟವನನ್ನು ಎರಡು ಸಲ ಹಿಡಿದು ತಂದಿದ್ದರು. ಹಿಂದೆ ಪಟ್ಟಣಕ್ಕೆ ಹೋಗಿ ವಾಸಿಯಾಗಿ ಬಂದ ಯಾರದೋ ಮನೆಯಲ್ಲಿ ಇದೇ ವೈದ್ಯ ಕೊಟ್ಟ ಮದ್ದು ಮಿಕ್ಕಿತ್ತು. ಹೆಂಗಸು ಅದನ್ನು ತರಿಸಿ ಅಂದಾಜಿನ ಮೇಲೆ ಕುಡಿಸಿದಳು. ಕುಂಬಾರ ಮಲಗಿದ. ಮತ್ತೆ ಏಳಲಿಲ್ಲ.

"ನೀವು ಅಂದದ್ದೇ ಆಯಿತು ನೋಡಿ, ಸ್ವಾಮಿ," ಎಂದ ಹಿರಿಯ.

ವೈದ್ಯ ಅವಳ ಮನೆಗೆ ಹೋದ. ಬಾಗಿಲು ಹಾಕಿತ್ತು. "ತಾಯಿ, ಕಲಿಸಲು ಬಂದಿದ್ದೇನೆ," ಎಂದು ಕೂಗಿದ.

"ಇನ್ನು ಮದ್ದು ಮುಟ್ಟಲಾರೆ, ಸ್ವಾಮಿ," ಎಂದಳು ಒಳಗಿನಿಂದ. "ಜನರೆದುರು ಕೂತರೆ ಮಾತೂ ಹೊರಡುವುದಿಲ್ಲ."

ವೈದ್ಯ ಬಂದ ದಾರಿ ಹಿಡಿದ.

"ಆದರೂ ಗುರುಗಳೇ," ಎಂದ ಮರಿದೇವ, "ವೈದ್ಯ ಎಚ್ಚರಿಸಿದ್ದು ಸರಿಯೇ ಆಯಿತಲ್ಲವೇ?"

"ಸರಿಯೇ," ಎಂದರು ಗುರುಗಳು. "ಎಚ್ಚರಿಸಲು ಅವನಿಗೆ ನಾಲ್ಕು ವರ್ಷವೂ ಬಿಡುವಿತ್ತು. ನಾಡಿ ನೋಡುವುದನ್ನು ಕಲಿಸಲು ಒಂದು ದಿನವೂ ಇರಲಿಲ್ಲ."